ಮೋರಿ ನೀರಿಗೆ ಹುಳಿ ದ್ರಾವಣ: ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ



ಈಚೆಗೆ ನಮ್ಮ ಸದಸ್ಯರ ಹೋಟೇಲುಗಳಿಗೆ ಬಿಳಿ ಕ್ಯಾನ್ ಹಿಡಿದುಕೊಂಡು ಬರುವ ಮಾರಾಟಗಾರರು ಹೆಚ್ಚಾಗಿದ್ದಾರೆ. ಒಬ್ಬ ಇ.ಎಂ. ಎನ್ನುತ್ತಾನೆ, ಇನ್ನೊಬ್ಬ ಬಯೋ ಕಲ್ಚರ್ ಎನ್ನುತ್ತಾನೆ, ಮತ್ತೊಬ್ಬ ಎಂಜೈಮ್ ಎನ್ನುತ್ತಾನೆ. ಮಾತು ಮಾತ್ರ ಎಲ್ಲರದೂ ಒಂದೇ: “ಸೇಠ್, ರಾತ್ರಿ ಒಂದು ಲೋಟ ಮೋರಿಗೆ ಹಾಕಿ. ವಾಸನೆಯೂ ಇಲ್ಲ, ಜಿಡ್ಡೂ ಇಲ್ಲ, ಚೇಂಬರ್ ತೆರೆಯುವ ಕೆಲಸವೇ ಇಲ್ಲ.” ಗ್ರಾಂಟ್ ರೋಡಿನ ನಮ್ಮ ಹೋಟೇಲಿನಲ್ಲಿ ನಾವು ಎರಡು ವರ್ಷದಿಂದ ಇ.ಎಂ. ದ್ರಾವಣ ಬಳಸುತ್ತಿದ್ದೇವೆ. ಹಾಗಾಗಿ ಈ ವಿಷಯ ನೀವೇ ಬರೆಯಿರಿ ಎಂದು ಸಂಪಾದಕ ಮಿತ್ರರು ಹೇಳಿದರು. ನಾವು ಓದಿದ್ದು ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ. ಆದರೂ ಇಡ್ಲಿ ಹಿಟ್ಟು ಹುಳಿ ಬರಿಸುವುದರಲ್ಲೇ ಮೂವತ್ತು ಚಿಲ್ಲರೆ ವರ್ಷ ಕಳೆದವರಿಗೆ ಈ ವಿದ್ಯೆ ಅಷ್ಟೇನೂ ಪರಕೀಯವಲ್ಲ.

ಮೊದಲೇ ಹೇಳಿಬಿಡುತ್ತೇವೆ. ವಾಸನೆಗೆ ಇದು ಒಳ್ಳೆಯದು. ಅಕ್ಕಿ ಉದ್ದಿನ ಹಿಟ್ಟು, ಅನ್ನದ ಗಂಜಿ ಇಂಥವುಗಳ ಮೇಲೂ ಕೆಲಸ ಮಾಡುತ್ತದೆ. ಎಣ್ಣೆ ಜಿಡ್ಡಿಗೆ ಮಾತ್ರ ಸಾಲದು. ಜಿಡ್ಡನ್ನು ಕೈಯಿಂದಲೇ ಹಿಡಿಯಬೇಕು, ಮೋರಿಗೆ ಇಳಿಯುವ ಮೊದಲೇ ಹಿಡಿಯಬೇಕು. ಇದನ್ನು ತಿಳಿಯದೆ ಕ್ಯಾನ್ ಕೊಂಡವರು ದುಡ್ಡನ್ನೂ ಮೋರಿಗೆ ಹಾಕಿದಂತೆ.

ನಾವು ರಾತ್ರಿ ಅರೆದಿಟ್ಟ ಹಿಟ್ಟು ಬೆಳಿಗ್ಗೆ ಉಬ್ಬಿ ಬರುವುದು ಹೇಗೆ? ಉದ್ದು ಅಕ್ಕಿಯ ಜೊತೆ ಬರುವ, ಕಣ್ಣಿಗೆ ಕಾಣದ ಜೀವಾಣುಗಳ ಕೆಲಸ ಅದು. ವಿಜ್ಞಾನಿಗಳು ಅದರಲ್ಲಿ ಮುಖ್ಯವಾದದ್ದಕ್ಕೆ ಲ್ಯುಕೊನೋಸ್ಟಾಕ್ ಎಂದು ಹೆಸರಿಟ್ಟಿದ್ದಾರೆ. ಇವು ಹಿಟ್ಟಿನ ಸಕ್ಕರೆ ಅಂಶ ತಿಂದು ಲ್ಯಾಕ್ಟಿಕ್ ಆಮ್ಲ ಮತ್ತು ಗಾಳಿ ಬಿಡುತ್ತವೆ. ಆಮ್ಲದಿಂದ ಹುಳಿ, ಗಾಳಿಯಿಂದ ಉಬ್ಬು. ಹುಳಿ ಬಂದ ಹಿಟ್ಟಿನಲ್ಲಿ ಕೊಳೆಸುವ ಜೀವಾಣುಗಳಿಗೆ ಬಾಳುವೆ ಇಲ್ಲ. ಅದಕ್ಕೇ ಚೆನ್ನಾಗಿ ಹುಳಿ ಬಂದ ಹಿಟ್ಟು ಕೆಟ್ಟ ನಾತ ಹೊಡೆಯುವುದಿಲ್ಲ. ನೆನೆಹಾಕಿದ ಉದ್ದಿನ ಬೇಳೆಯನ್ನು ಅರೆಯದೆ ಹಾಗೇ ಎರಡು ದಿನ ಮರೆತು ನೋಡಿ, ಅದರ ನಾತವೇ ಬೇರೆ.

ಇ.ಎಂ. ಎಂದರೆ ಇದೇ ವಿದ್ಯೆ. ಎಫೆಕ್ಟಿವ್ ಮೈಕ್ರೋಆರ್ಗನಿಸಮ್ಸ್ ಎಂಬುದರ ಚಿಕ್ಕ ರೂಪ. ಜಪಾನಿನ ಒಕಿನಾವಾ ದ್ವೀಪದಲ್ಲಿರುವ ರ‍್ಯೂಕ್ಯೂ ವಿಶ್ವವಿದ್ಯಾಲಯದ ಪ್ರೊಫೆಸರ್ ತೆರುವೋ ಹಿಗಾ ಎಂಬುವರು 1980ರ ದಶಕದ ಆರಂಭದಲ್ಲಿ ಇದನ್ನು ಬೇಸಾಯಕ್ಕಾಗಿ ರೂಪಿಸಿದರು. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ, ಯೀಸ್ಟ್, ಬೆಳಕಿನಿಂದ ಶಕ್ತಿ ಪಡೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ, ಈ ಮೂರು ಗುಂಪು ಅದರಲ್ಲಿ ಪ್ರಧಾನ. ಮಣ್ಣಿಗೆಂದು ಶುರುವಾದದ್ದು ಆಮೇಲೆ ದನದ ಕೊಟ್ಟಿಗೆ, ಕಸದ ರಾಶಿ, ಕೊಳಚೆ ನೀರಿನವರೆಗೂ ಬಂತು. ನಮ್ಮ ದೇಶದಲ್ಲಿ ಪುದುಚೇರಿ ಹತ್ತಿರದ ಆರೋವಿಲ್‌ನವರು ಇದನ್ನು ಬಳಸುತ್ತ, ಬೇರೆಯವರಿಗೆ ಕಲಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಮೊದಲ ಸಲ ಡ್ರಮ್ ತೆರೆದ ದಿನ ಹಿಟ್ಟು ಅರೆಯುವ ಭಟ್ಟರು ಮೂಸಿ ನೋಡಿ, “ಇದು ನಮ್ಮ ದೋಸೆ ಹಿಟ್ಟಿನ ವಾಸನೆಯೇ ಅಲ್ವಾ ಅಣ್ಣ, ಸ್ವಲ್ಪ ಬೆಲ್ಲ ಹಾಕಿದ ಹಾಗೆ” ಎಂದರು. ಅದಕ್ಕಿಂತ ಚೆನ್ನಾಗಿ ನಮಗೆ ವಿವರಿಸಲು ಬಾರದು.

ಇನ್ನು ನಮ್ಮ ಜಾಗದ ಸಂಗತಿ. ಉಪನಗರದಲ್ಲಿ ಹೊಸ ಕಟ್ಟಡದಲ್ಲಿ ಹೋಟೇಲು ಇಟ್ಟವರಿಗೆ ಇದು ಅಷ್ಟಾಗಿ ಅರ್ಥವಾಗಲಿಕ್ಕಿಲ್ಲ. ಗ್ರಾಂಟ್ ರೋಡ್, ನಾನಾ ಚೌಕ್, ಲ್ಯಾಮಿಂಗ್ಟನ್ ರೋಡ್ ಸುತ್ತ ಇರುವುದು ಹಳೆಯ ಕಟ್ಟಡಗಳು. ಕೆಳಗೆ ಅಂಗಡಿ, ಮೇಲೆ ಸಂಸಾರ. ಎರಡು ಕಟ್ಟಡಗಳ ನಡುವೆ ಹೌಸ್ ಗಲ್ಲಿ ಎಂಬ ಸಂದು. ಮೇಲಿನ ಮಹಡಿಗಳ ಪೈಪು, ನಮ್ಮ ಮೋರಿಯ ಪೈಪು ಎಲ್ಲಾ ಅಲ್ಲೇ ಇಳಿಯಬೇಕು. ಅಲ್ಲಿ ಜಿಡ್ಡು ಕಟ್ಟಿಕೊಂಡರೆ ನೀರು ಹಿಂದಕ್ಕೆ ಬರುವುದು ನಮ್ಮ ಅಡುಗೆ ಕೋಣೆಗೇ. ನಾತ ಏರುವುದು ಮೊದಲ ಮಹಡಿಯ ಕಿಟಕಿಗೆ. ದೊಡ್ಡ ಶುದ್ಧೀಕರಣ ಘಟಕ ಕಟ್ಟಿ ಎಂದು ಯಾರು ಹೇಳಿದರೂ ನಮ್ಮ ಕಡೆ ಅದಕ್ಕೆ ಜಾಗವಿಲ್ಲ. ಗ್ಯಾಸ್ ಸಿಲಿಂಡರ್ ಇಡಲು ಜಾಗ ಹುಡುಕುವ ಕಷ್ಟ ನಮಗೇ ಗೊತ್ತು. ಹಾಗಾಗಿ ನಮ್ಮಂಥವರ ಕೈಗೆ ಸಿಗುವುದು ಎರಡೇ, ಒಂದು ಗ್ರೀಸ್ ಟ್ರಾಪ್, ಮತ್ತೊಂದು ಈ ದ್ರಾವಣ.

ಗ್ರೀಸ್ ಟ್ರಾಪ್ ಎಂಬುದು ಬಹಳ ಸರಳ ಪೆಟ್ಟಿಗೆ. ಮೋರಿಯ ಬಿಸಿ ನೀರು ಅದರೊಳಗೆ ನಿಂತು ತಣಿಯುತ್ತದೆ. ಎಣ್ಣೆ ತುಪ್ಪ ಮೇಲೆ ತೇಲುತ್ತದೆ, ಅನ್ನದ ಅಗುಳು, ಸಾಂಬಾರಿನ ಬೇಳೆ ಕೆಳಗೆ ಕೂರುತ್ತದೆ, ನಡುವಿನ ನೀರು ತಡೆಯ ಅಡಿಯಿಂದ ಮುಂದಿನ ಕೋಣೆಗೆ ಹೋಗುತ್ತದೆ. ಮೇಲಿನ ಜಿಡ್ಡು ಮತ್ತು ಕೆಳಗಿನ ಕೆಸರು ಸೇರಿ ಪೆಟ್ಟಿಗೆಯ ಆಳದ ಕಾಲು ಭಾಗ ಆಯಿತೆಂದರೆ ತೆಗೆಯಲೇಬೇಕು, ಇದು ಜಗತ್ತಿನ ಹಲವು ಊರುಗಳಲ್ಲಿ ಇರುವ ಲೆಕ್ಕ. ಒಂದು ಕೋಲು ಅದ್ದಿ ನೋಡಿದರೆ ಗೊತ್ತಾಗುತ್ತದೆ. ಬಿಟ್ಟರೆ ಟ್ರಾಪ್ ಇದ್ದೂ ಇಲ್ಲದಂತೆ, ಜಿಡ್ಡು ನೇರ ಪೈಪಿಗೆ.

ಇಲ್ಲಿ ಆ ಕ್ಯಾನಿನವರ ಮಾತಿಗೆ ಬರುತ್ತೇವೆ. ಜಿಡ್ಡು ಕರಗುತ್ತದೆ ಎನ್ನುತ್ತಾರಲ್ಲ, ಕರಗಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಕೊಬ್ಬನ್ನು ಒಡೆಯಲು ಲೈಪೇಸ್ ಎಂಬ ಕಿಣ್ವ ಬೇಕು. ಇಡ್ಲಿ ಹಿಟ್ಟಿನಲ್ಲಿರುವ, ಇ.ಎಂ.ನಲ್ಲಿರುವ ಲ್ಯಾಕ್ಟಿಕ್ ಜಾತಿಯವು ಸಕ್ಕರೆ ಪಿಷ್ಟಕ್ಕೆ ಹುಲಿ, ಕೊಬ್ಬಿನ ವಿಷಯದಲ್ಲಿ ಸೋಮಾರಿ. ಬ್ಯಾಸಿಲಸ್ ಎಂಬ ಬೇರೆ ಜಾತಿಯವು ಕೊಬ್ಬನ್ನು ಚೆನ್ನಾಗಿ ಒಡೆಯುತ್ತವೆ. ಡ್ರೈನ್ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಅವೇ. ಆದರೆ ಅವಕ್ಕೂ ಸಮಯ ಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟ್ರಾಪ್‌ನಲ್ಲಿ ನೀರು ನಿಲ್ಲುವುದು ನಿಮಿಷಗಳ ಲೆಕ್ಕ. ಅಷ್ಟರಲ್ಲಿ ಯಾವ ಜೀವಾಣುವೂ ಬೋಂಡಾದ ಎಣ್ಣೆಯನ್ನು ತಿಂದು ಮುಗಿಸಲಾರದು. ಅರ್ಧಂಬರ್ಧ ಒಡೆದ ಕೊಬ್ಬಿನ ಆಮ್ಲ ಮುಂದೆ ಹೋಗಿ ಸಿಮೆಂಟ್ ಪೈಪಿನ ಸುಣ್ಣದ ಅಂಶದೊಡನೆ ಸೇರಿ ಸಾಬೂನಿನಂಥ ಗಟ್ಟಿ ಕಲ್ಲಾಗುತ್ತದೆ. ಅಮೆರಿಕದ ಹಲವು ಊರುಗಳಲ್ಲಿ ಟ್ರಾಪ್ ಶುಚಿ ಮಾಡುವುದರ ಬದಲು ಇಂಥ ದ್ರಾವಣ ಹಾಕಬಾರದು ಎಂದು ನಗರಸಭೆಗಳು ನಿಯಮ ಮಾಡಿರುವುದು ಇದಕ್ಕೇ.

ನಮ್ಮ ಪಕ್ಕದ ರಸ್ತೆಯ ಒಬ್ಬ ಸದಸ್ಯರಿಗೆ ಒಬ್ಬ ಮಾರಾಟಗಾರ ಇಂಥ ಒಂದು ಕ್ಯಾನ್ ಕೊಟ್ಟ. ಟ್ರಾಪ್ ಫಳಫಳ. ಅವರಿಗೂ ಸಂತೋಷ. ಎರಡು ತಿಂಗಳಿಗೆ ಹೌಸ್ ಗಲ್ಲಿಯ ತಿರುವಿನಲ್ಲಿ ಪೈಪು ಪೂರ್ತಿ ಬಂದ್. ಒಡೆದು ನೋಡಿದರೆ ಒಳಗೆ ಮೇಣದ ಹಾಗೆ ಬಿಳಿ ಗಟ್ಟಿ. ಆಮೇಲೆ ತಿಳಿದದ್ದು, ಕ್ಯಾನಿನಲ್ಲಿದ್ದುದು ಜೀವಾಣು ಅಲ್ಲವೇ ಅಲ್ಲ, ಬಣ್ಣ ಹಾಕಿದ ಸೋಪಿನ ನೀರು. ಸೋಪು ಎಣ್ಣೆಯನ್ನು ನೀರಿನಲ್ಲಿ ತೇಲಿಸಿಕೊಂಡು ಹೋಗಿ ತಣ್ಣಗಿನ ಜಾಗದಲ್ಲಿ ಬಿಡುತ್ತದೆ, ಅಷ್ಟೇ. ಆದ್ದರಿಂದ ಕೊಳ್ಳುವ ಮೊದಲು ಒಂದು ಚಮಚ ದ್ರಾವಣವನ್ನು ಅರ್ಧ ಬಾಟಲಿ ನೀರಿಗೆ ಹಾಕಿ ಜೋರಾಗಿ ಕುಲುಕಿ ನೋಡಿ. ಸಾಬೂನಿನಂತೆ ದಟ್ಟ ನೊರೆ ಬಹಳ ಹೊತ್ತು ನಿಂತರೆ ಮಾರಾಟಗಾರನಿಗೆ ಒಂದು ಚಹ ಕೊಟ್ಟು ಕಳುಹಿಸಿಬಿಡಿ.

ಲಂಡನ್ನಿನಲ್ಲೂ ಇದೇ ಪಾಡು. 2017ರಲ್ಲಿ ಅಲ್ಲಿನ ವೈಟ್‌ಚಾಪೆಲ್ ಎಂಬಲ್ಲಿ ನೆಲದಡಿಯ ಗಟಾರದಲ್ಲಿ 250 ಮೀಟರ್ ಉದ್ದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತು. ಅದರ ಒಂದು ತುಂಡನ್ನು ಮರುವರ್ಷ ಮ್ಯೂಸಿಯಂನಲ್ಲಿ ಇಟ್ಟರಂತೆ. ನಮ್ಮ ಹೌಸ್ ಗಲ್ಲಿಯದ್ದನ್ನು ಇಟ್ಟರೆ ನೋಡಲು ಯಾರೂ ಬರಲಿಕ್ಕಿಲ್ಲ.

ಹಾಗಾದರೆ ಇ.ಎಂ. ಹಾಕಿ ನಮಗೆ ಆದ ಲಾಭವೇನು? ಮೂರು ವಾರದಲ್ಲಿ ನಾತ ಇಳಿಯಿತು. ಹೌಸ್ ಗಲ್ಲಿಯ ಬದಿಯ ಮೊದಲ ಮಹಡಿಯ ಅಜ್ಜಿ ದಿನ ಬೆಳಗಾದರೆ ಕಿಟಕಿಯಿಂದ ಕೂಗಿ ಹೇಳುತ್ತಿದ್ದರು, ಈಗ ಕೂಗುವುದಿಲ್ಲ. ಗ್ರೈಂಡರ್ ತೊಳೆದ ನೀರು ನಿಲ್ಲುವ ಕಡೆ ಕಪ್ಪು ಕೆಸರು ಕಟ್ಟುವುದು ಕಡಿಮೆಯಾಯಿತು. ಟ್ರಾಪ್‌ನ ಜಿಡ್ಡು ಮಾತ್ರ ವಾರಕ್ಕೆ ಎರಡು ಸಲ ತೆಗೆಯುತ್ತಿದ್ದೆವು, ಈಗಲೂ ಎರಡು ಸಲವೇ ತೆಗೆಯುತ್ತೇವೆ. ಅದರಲ್ಲಿ ಒಂದು ಬಟ್ಟಲೂ ಕಡಿಮೆಯಾಗಿಲ್ಲ.

ಮಾಡುವ ಕ್ರಮ ಹೀಗೆ. ಅಂಗಡಿಯಲ್ಲಿ ಸಿಗುವುದು ಮೂಲ ದ್ರಾವಣ, ಅದರಲ್ಲಿ ಜೀವಾಣುಗಳು ಮಲಗಿರುತ್ತವೆ. ಅವನ್ನು ಎಬ್ಬಿಸಲು ಬೆಲ್ಲ ಬೇಕು. ಒಂದು ಲೀಟರ್ ಮೂಲ ದ್ರಾವಣ, ಒಂದು ಕಿಲೋ ಬೆಲ್ಲ, ಸುಮಾರು 18ರಿಂದ 20 ಲೀಟರ್ ನೀರು. ಪಾಲಿಕೆಯ ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆದ್ದರಿಂದ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬಳಸಬೇಕು. ಬೆಲ್ಲ ಅಗ್ಗದ್ದೇ ಸಾಕು, ಕಪ್ಪಗಿದ್ದಷ್ಟೂ ಒಳ್ಳೆಯದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೆಚ್ಚು ಗಾಳಿ ಉಳಿಯದಂತೆ ತುಂಬಿ ನೆರಳಲ್ಲಿಡಿ. ಗಾಜಿನ ಬಾಟಲಿ ಬೇಡ, ಒಳಗಿನ ಗಾಳಿಗೆ ಒಡೆಯುತ್ತದೆ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಮುಂಬಯಿಯ ಸೆಖೆಗೆ ವಾರ, ಹತ್ತು ದಿನದಲ್ಲಿ ತಯಾರು. ಸಿಹಿ ಹುಳಿ ವಾಸನೆ ಇರಬೇಕು, ಪಿ.ಎಚ್. ಕಾಗದ ಅದ್ದಿದರೆ 4ಕ್ಕಿಂತ ಕೆಳಗೆ ತೋರಿಸಬೇಕು. ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿದರೆ ಹೆದರುವುದು ಬೇಡ, ಅದು ಯೀಸ್ಟ್. ಕೊಳೆತ ನಾತ ಬಂದರೆ ಚೆಲ್ಲಿಬಿಡಿ. ತಯಾರಾದದ್ದನ್ನು ತಿಂಗಳೊಳಗೆ ಮುಗಿಸಬೇಕು. ಹಳೆ ಹಿಟ್ಟು ಸೇರಿಸಿ ಹೊಸ ಹಿಟ್ಟು ಹುಳಿ ಬರಿಸಿದ ಹಾಗೆ ಇದರಿಂದಲೇ ಮತ್ತೆ ಮತ್ತೆ ಮಾಡುತ್ತ ಹೋದರೆ ನಡೆಯುವುದಿಲ್ಲ. ಜೀವಾಣುಗಳ ಪ್ರಮಾಣ ಏರುಪೇರಾಗುತ್ತದೆ, ಪ್ರತಿ ಸಲ ಮೂಲ ದ್ರಾವಣದಿಂದಲೇ ಶುರುಮಾಡಬೇಕು.

ಹಾಕುವ ಹೊತ್ತು ಮುಖ್ಯ. ಹಗಲಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ನೀರಿನ ಜೊತೆ ಹೊರಟುಹೋಗುತ್ತದೆ. ನಾವು ರಾತ್ರಿ ಕೊನೆಯ ಪಾತ್ರೆ ತೊಳೆದು, ನೆಲ ತೊಳೆದು ಮುಗಿದ ಮೇಲೆ ಎರಡು ಲೀಟರ್ ಹಾಕಿಸುತ್ತೇವೆ. ಬೆಳಿಗ್ಗೆ ಐದಕ್ಕೆ ಚಹದ ಪಾತ್ರೆ ಮೋರಿಗೆ ಬರುವವರೆಗೆ ನಾಲ್ಕೈದು ಗಂಟೆ ಅವಕ್ಕೆ ಬಿಡುವು. ಪ್ರತಿ ದಿನ ತಪ್ಪದೆ ಹಾಕಬೇಕು. ವಾರಕ್ಕೊಮ್ಮೆ ಒಂದು ಕ್ಯಾನ್ ಸುರಿದರೆ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಹೌಸ್ ಗಲ್ಲಿಗೆ ಮಳೆ ನೀರು ನುಗ್ಗುವುದರಿಂದ ಎಲ್ಲಾ ತೊಳೆದುಹೋಗುತ್ತದೆ, ಆ ನಾಲ್ಕು ತಿಂಗಳು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು ಮೋರಿಯ ಹುಡುಗರಿಗೆ ಮರಾಠಿ, ಹಿಂದಿ, ಅವರವರ ಭಾಷೆಯಲ್ಲಿ ಹೇಳಿಸಬೇಕು. ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪೌಡರ್, ಇಡ್ಲಿ ಪಾತ್ರೆಯ ಕುದಿವ ನೀರು, ಇವು ನಾಲ್ಕೂ ಜೀವಾಣುಗಳಿಗೆ ಯಮ. ಹಲವು ಹೋಟೇಲುಗಳಲ್ಲಿ ರಾತ್ರಿ ಇ.ಎಂ. ಹಾಕುತ್ತಾರೆ, ಬೆಳಿಗ್ಗೆ ಫಿನಾಯಿಲ್ ಸುರಿಯುತ್ತಾರೆ. ಸಾಕಿದವರೂ ಅವರೇ, ಕೊಂದವರೂ ಅವರೇ. ಆಸಿಡ್ ಮತ್ತು ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಹಾಕಿದರಂತೂ ಕ್ಲೋರಿನ್ ವಿಷಗಾಳಿ ಏಳುತ್ತದೆ, ಮುಚ್ಚಿದ ಅಡುಗೆ ಕೋಣೆಯಲ್ಲಿ ಅದು ಮನುಷ್ಯರ ಪ್ರಾಣಕ್ಕೇ ಬರುತ್ತದೆ.

ಹಣ್ಣಿನ ಸಿಪ್ಪೆಯ ಎಂಜೈಮ್ ಬಗ್ಗೆಯೂ ಕೆಲವರು ಕೇಳಿದ್ದಾರೆ. ಥಾಯ್ಲೆಂಡಿನ ಡಾ. ರೋಸುಕಾನ್ ಪೂಂಪನ್ವಾಂಗ್ ಅವರು ಬಳಕೆಗೆ ತಂದ ಕ್ರಮ ಅದು. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಜ್ಯೂಸ್ ಕೌಂಟರ್ ಇರುವವರಿಗೆ ಮೋಸಂಬಿ ಸಿಪ್ಪೆ ಪುಕ್ಕಟೆ. ನಮ್ಮ ಅಭಿಪ್ರಾಯದಲ್ಲಿ ನೆಲ, ಟೇಬಲ್ ಒರೆಸಲು ಅದು ಚೆನ್ನ, ಮೋರಿಗೆ ದಿನವೂ ಹಾಕುವಷ್ಟು ಮಾಡಿಕೊಳ್ಳಲು ಡ್ರಮ್ಮುಗಳ ಸಾಲೇ ಬೇಕು.

ಕೆರೆ, ನದಿ, ಸಮುದ್ರಕ್ಕೇ ಇದನ್ನು ಹಾಕಿ ಶುದ್ಧ ಮಾಡುತ್ತೇವೆ ಎನ್ನುವವರೂ ಇದ್ದಾರೆ. 2009ರ ಆಗಸ್ಟಿನಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಜನರೆಲ್ಲ ಸೇರಿ ಹತ್ತು ಲಕ್ಷಕ್ಕೂ ಮಿಕ್ಕಿ ಇ.ಎಂ. ಮಣ್ಣಿನ ಉಂಡೆಗಳನ್ನು ನೀರಿಗೆ ಎಸೆದರು. 2011ರಲ್ಲಿ ಬ್ಯಾಂಕಾಕ್ ನೆರೆಯಲ್ಲಿ ಮುಳುಗಿದಾಗ ಅಲ್ಲಿಯೂ ಉಂಡೆ ಎಸೆದರು. ಆಗ ಅಲ್ಲಿನ ಪರಿಸರ ಇಂಜಿನಿಯರುಗಳು, ಉಂಡೆಯಲ್ಲಿರುವ ಕಾಕಂಬಿ, ತೌಡು ನೀರಿನಲ್ಲಿ ಉಳಿದಿರುವ ಆಮ್ಲಜನಕವನ್ನೂ ತಿಂದುಹಾಕುತ್ತದೆ ಎಂದು ಎಚ್ಚರಿಸಿದರು. ಆ ಮಾತು ನಮಗೂ ಸರಿಯೆನಿಸುತ್ತದೆ. ಬೆಲ್ಲವೂ ಒಂದು ಕೊಳೆಯುವ ಪದಾರ್ಥವೇ ತಾನೆ? ಮೋರಿಗೆ ಹಾಕುವಾಗಲೂ ಈ ಲೆಕ್ಕ ನೆನಪಿರಲಿ, ಎರಡು ಲೀಟರ್ ಹಾಕುವಲ್ಲಿ ಇಪ್ಪತ್ತು ಹಾಕಿದರೆ ಕೊಳಚೆ ಹೆಚ್ಚುತ್ತದೆ.

ಮಣ್ಣು ಮತ್ತು ಜೀವಾಣುಗಳಿಂದ ಕೊಳಚೆ ನೀರು ತಿಳಿಯಾಗುವುದೇ ಸುಳ್ಳು ಎಂದು ನಮ್ಮ ಮಾತಲ್ಲ. ನಮ್ಮದೇ ಪವಾಯಿಯ ಐ.ಐ.ಟಿ.ಯ ಪ್ರೊಫೆಸರ್ ಎಚ್.ಎಸ್. ಶಂಕರ್ ಅವರು ಸಾಯಿಲ್ ಬಯೋಟೆಕ್ನಾಲಜಿ ಎಂಬ ಕ್ರಮ ಮಾಡಿದ್ದಾರೆ. ವರ್ಲಿಯ ಲವ್‌ಗ್ರೋವ್ ಪಂಪಿಂಗ್ ಸ್ಟೇಷನ್ನಿನಲ್ಲಿ ಪಾಲಿಕೆಗಾಗಿ ಅಂಥ ಘಟಕವೂ ಆಯಿತು. ಆದರೆ ಅಲ್ಲಿ ಕಲ್ಲು ಮಣ್ಣಿನ ಹಾಸು ಇದೆ, ನೀರು ನಿಧಾನ ಇಳಿಯುತ್ತದೆ, ಗಾಳಿ ಆಡುತ್ತದೆ. ಕ್ಯಾನ್ ಸುರಿದು ಕೈತೊಳೆದುಕೊಳ್ಳುವ ಕೆಲಸ ಅದಲ್ಲ.

ಕಾನೂನಿನ ಮಾತು ಸ್ವಲ್ಪ ಹೇಳಬೇಕು. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಸಾರ್ವಜನಿಕ ಗಟಾರಕ್ಕೆ ಬಿಡುವ ನೀರಿನಲ್ಲಿ ಎಣ್ಣೆ ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು, ಬಿ.ಓ.ಡಿ. 350 ಮೀರಬಾರದು, ಪಿ.ಎಚ್. 5.5ರಿಂದ 9ರೊಳಗೆ ಇರಬೇಕು. ಬಿ.ಓ.ಡಿ. ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಜೀವಾಣುಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ. 20 ಮಿಲಿಗ್ರಾಂ ಎಂದರೆ ಒಂದು ಬಕೆಟ್ ನೀರಿಗೆ ಒಂದು ಚಿಟಿಕೆಯಷ್ಟೂ ಎಣ್ಣೆ ಅಲ್ಲ. ಪೂರಿ ಬಾಣಲೆಯನ್ನು ಒರೆಸದೆ ಮೋರಿಗೆ ಇಟ್ಟರೆ ಅಲ್ಲಿಗೇ ಮೀರಿತು. ಕರಿದ ಎಣ್ಣೆಯ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಎಲ್ಲರಿಗೂ ಗೊತ್ತಿರಬೇಕು. 2018ರ ಜುಲೈ 1ರಿಂದ ಟೋಟಲ್ ಪೋಲಾರ್ ಕಾಂಪೌಂಡ್ 25 ಶೇಕಡಾ ದಾಟಿದ ಎಣ್ಣೆ ಬಳಸುವಂತಿಲ್ಲ. ಅದನ್ನು ಮೋರಿಗೆ ಚೆಲ್ಲದೆ ಬಯೋಡೀಸೆಲ್ ಮಾಡುವವರಿಗೆ ಕೊಡುವ ಯೋಜನೆಯೂ ಅದೇ ವರ್ಷ ಬಂತು. ಹಣವೂ ಸಿಗುತ್ತದೆ, ಪೈಪೂ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಮನುಷ್ಯರದು. ಜಿಡ್ಡು ಕಟ್ಟಿ ನಿಂತ ಗಟಾರದಲ್ಲಿ ಆಮ್ಲಜನಕ ಇಲ್ಲದೆ ಹೈಡ್ರೋಜನ್ ಸಲ್ಫೈಡ್ ಎಂಬ ಗಾಳಿ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದರೆ ಮೂಗಿಗೆ ನಾತವೇ ಗೊತ್ತಾಗುವುದಿಲ್ಲ, ಆಮೇಲೆ ಪ್ರಜ್ಞೆ ಹೋಗುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಹೋದ ಸುದ್ದಿ ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. 2013ರ ಕಾಯಿದೆಯಂತೆ ಸುರಕ್ಷಾ ಸಾಧನಗಳಿಲ್ಲದೆ ಯಾರನ್ನೇ ಆಗಲಿ ಗಟಾರ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಲು ಹಚ್ಚಿದರೆ, ಹಚ್ಚಿದ ಖಾಸಗಿಯವರಿಗೂ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ರಾತ್ರಿ ಹೊತ್ತು ಐನೂರು ರೂಪಾಯಿ ಕೊಟ್ಟರೆ ಚೇಂಬರಿಗೆ ಇಳಿಯುವ ಬಡವ ಸಿಗುತ್ತಾನೆ, ಅದು ನಮ್ಮೆಲ್ಲರಿಗೂ ಗೊತ್ತು. ಇಳಿಸಬಾರದು. ಯಂತ್ರದ ಗಾಡಿಯನ್ನೇ ಕರೆಸಬೇಕು. ನಮ್ಮ ಟ್ರಾಪ್ ಸಣ್ಣದಿರಲಿ, ಆದರೆ ಮೇಲಿನಿಂದಲೇ ಸೌಟಿನಲ್ಲಿ ತೆಗೆಯುವಂತಿರಲಿ ಎಂದು ನಾವು ಹೇಳುವುದು ಇದಕ್ಕೇ.

ಮುಂಬಯಿಯಲ್ಲಿ ವರ್ಲಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ್, ಘಾಟ್ಕೋಪರ್, ಭಾಂಡುಪ್ ಏಳೂ ಕಡೆ ದಿನಕ್ಕೆ ಒಟ್ಟು ಸುಮಾರು 2,460 ದಶಲಕ್ಷ ಲೀಟರ್ ಸಾಮರ್ಥ್ಯದ ಹೊಸ ಘಟಕಗಳಿಗೆ 2023ರ ಜನವರಿಯಲ್ಲಿ ಶಿಲಾನ್ಯಾಸ ಆಗಿದೆ. ಇಂಥ ಘಟಕಗಳಲ್ಲೂ ಕೊಳೆ ತಿನ್ನುವುದು ಜೀವಾಣುಗಳೇ. ಜಿಡ್ಡು ಹೋಗಿ ಮೇಲೆ ಹಾಸಿಕೊಂಡರೆ ಅವಕ್ಕೂ ಉಸಿರು ಕಟ್ಟುತ್ತದೆ. ನಮ್ಮೂರಿನ ಕಡೆಯೂ ಬೇರೆಯಲ್ಲ. ಊರಿಗೆ ಹೋದಾಗ ಉಡುಪಿಯ ಕಲ್ಸಂಕದಲ್ಲಿ ನಿಂತು ಇಂದ್ರಾಣಿ ಹೊಳೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಪೇಟೆಯ ಕೊಳಚೆ ಸೇರಿ ಆ ಬದಿಯ ಬಾವಿಗಳ ನೀರೂ ಕೆಟ್ಟಿತು.

ನಮ್ಮಲ್ಲಿ ಈಗ ತಟ್ಟೆ ಮೋರಿಗೆ ಹೋಗುವ ಮೊದಲು ರಬ್ಬರ್ ಪಟ್ಟಿಯಿಂದ ಕೆರೆದು ಬುಟ್ಟಿಗೆ, ಬಾಣಲೆಯನ್ನು ಹಳೆ ಪೇಪರಿನಿಂದ ಒರೆಸಿ ಆಮೇಲೆ ನೀರಿಗೆ, ಗ್ರೈಂಡರಿನ ಹಿಟ್ಟನ್ನು ಕೈಯಿಂದ ಬಳಿದು ತೆಗೆದ ಮೇಲೆಯೇ ತೊಳೆಯುವುದು. ಬಳಿದ ಹಿಟ್ಟಿನಲ್ಲಿ ದಿನಕ್ಕೆ ನಾಲ್ಕೈದು ದೋಸೆಯಾದರೂ ಹೆಚ್ಚು ಆಗುತ್ತದೆ ಎಂದು ಭಟ್ಟರ ಲೆಕ್ಕ. ಇಷ್ಟು ಮಾಡಿದ ಮೇಲೆ ಉಳಿಯುವ ನೀರಿಗೆ ರಾತ್ರಿ ಎರಡು ಲೀಟರ್ ದ್ರಾವಣ.

ಮಾಡಿ ನೋಡಬೇಕೆನ್ನುವ ಸದಸ್ಯರು ಐದು ಲೀಟರಿನ ಖಾಲಿ ಕ್ಯಾನ್ ತೊಳೆದು ತಂದರೆ ತಯಾರಾದ ದ್ರಾವಣವನ್ನು ಮೊದಲ ಸಲಕ್ಕೆ ನಾವು ಉಚಿತವಾಗಿ ಕೊಡುತ್ತೇವೆ. ಮಧ್ಯಾಹ್ನ ಮೂರೂವರೆಯಿಂದ ಐದರೊಳಗೆ ಬನ್ನಿ, ಆ ಹೊತ್ತಿಗೆ ಗಿರಾಕಿ ಕಡಿಮೆ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ, ಟ್ಯಾಕ್ಸಿಯಲ್ಲಿ ಚೆಲ್ಲಿದರೆ ಡ್ರೈವರ್ ಬಿಡುವುದಿಲ್ಲ.